ಬೀದರ್ ಸೀಮೆಯ ಹೆಂಚು: ಕಲ್ಯಾಣದ ದೋಸಕದಿಂದ ಜೋಳದ ಧಪಾಟಿಯವರೆಗೆ

ಹಿಟ್ಟನ್ನು ಕಲಸಿ ಕಾದ ಹೆಂಚಿನ ಮೇಲೆ ಹರಡಿ ಬೇಯಿಸುವ ತಿನಿಸುಗಳ ಬಗ್ಗೆ ಕರ್ನಾಟಕದಲ್ಲಿ ದೊರೆಯುವ ವಿವರವಾದ ಹಳೆಯ ಬರಹಗಳಲ್ಲೊಂದು ಹುಟ್ಟಿದ್ದು ಇಂದಿನ ಬೀದರ್ ಜಿಲ್ಲೆಯ ನೆಲದಲ್ಲಿ. 1126ರಿಂದ 1138ರವರೆಗೆ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ 3ನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ನೂರು ಅಧ್ಯಾಯಗಳ ಬೃಹತ್ ಗ್ರಂಥವಾಗಿದ್ದು, ಅರಸನು ಅನುಭವಿಸಬೇಕಾದ ಭೋಗಗಳನ್ನು ಹೇಳುವ ಅದರ ಮೂರನೆಯ ವಿಂಶತಿಯಲ್ಲಿ, ಎಂದರೆ ಇಪ್ಪತ್ತು ಅಧ್ಯಾಯಗಳ ಮೂರನೆಯ ಗುಂಪಿನಲ್ಲಿ, ‘ಅನ್ನಭೋಗ’ವೆಂಬ ಅಡುಗೆಯ ಭಾಗವಿದೆ. ಆ ಕಲ್ಯಾಣವೇ ಇಂದಿನ ಬಸವಕಲ್ಯಾಣ. ಓಟ್ಸ್ ಪುಡಿಗೆ ಕಳಿತ ಬಾಳೆಹಣ್ಣನ್ನು ಕಿವುಚಿ ಹೆಂಚಿನ ಮೇಲೆ ಹೊಯ್ಯುವ ಪ್ಯಾನ್‌ಕೇಕ್ ಇಂದು ನಗರದ ಮನೆಗಳಿಗೆ ಆರೋಗ್ಯದ ತಿಂಡಿಯಾಗಿ ಬರುತ್ತಿರುವಾಗ, ಅಂತಹ ತಿಂಡಿಗೆ ಈ ಸೀಮೆಯಲ್ಲಿ ಸುಮಾರು ಒಂಬತ್ತು ಶತಮಾನಗಳ ಲಿಖಿತ ಪೂರ್ವಚರಿತ್ರೆ ಇದೆಯೆಂಬುದನ್ನು ನೆನೆಯುವುದು ಉಚಿತ.

ಸೋಮೇಶ್ವರನು ಹೇಳುವ ‘ದೋಸಕ’ದಲ್ಲಿ ಅಕ್ಕಿಯಿಲ್ಲ. ಬೇಳೆಗಳನ್ನು ನೆನೆಸಿ ಸಿಪ್ಪೆ ತೆಗೆದು ಅರೆದು, ಇಂಗು, ಜೀರಿಗೆ, ಉಪ್ಪುಗಳನ್ನು ಬೆರೆಸಿ, ಎಣ್ಣೆ ಸವರಿದ ಕಾದ ಹೆಂಚಿನ ಮೇಲೆ ಹರಡಿ ಬೇಯಿಸಿದ ತಿನಿಸು ಅದು. ಅಕ್ಕಿ ಉದ್ದುಗಳನ್ನು ಹುಳಿ ಬರಿಸಿ ಮಾಡುವ ಇಂದಿನ ದೋಸೆಗಿಂತ ಅದು ಬೇಳೆಯ ಹಿಟ್ಟಿನ ತೆಳುರೊಟ್ಟಿಗೆ ಹೆಚ್ಚು ಹತ್ತಿರವಾಗಿತ್ತು. ಗೋಧಿಯ ವಿಷಯದಲ್ಲಿ ಗ್ರಂಥ ಇನ್ನೂ ನಿಧಾನವಾಗಿ ಸಾಗುತ್ತದೆ: ಗೋಧಿಯನ್ನು ತೊಳೆದು ಬಿಸಿಲಿಗೆ ಒಣಗಿಸಿ, ಬೀಸಿ, ಜರಡಿ ಹಿಡಿದು, ಹಿಟ್ಟಿಗೆ ತುಪ್ಪ, ಉಪ್ಪು ಸೇರಿಸಿ ನಾದಿ, ಉಂಡೆಯನ್ನು ಅಂಗೈಗಳ ನಡುವೆ ಅಗಲಿಸಿ ಬೇಯಿಸುವ ‘ಮಂಡಕ’, ಕೆಂಡದ ಮೇಲೆ ಸುಡುವ ‘ಅಂಗಾರಪೋಲಿಕ’ ಮೊದಲಾದವುಗಳ ಕ್ರಮ ಅಲ್ಲಿದೆ. ಅಡುಗೆಯನ್ನು ಸಂಗೀತ, ಗಜಶಾಸ್ತ್ರ, ವೈದ್ಯಗಳ ಸಾಲಿನಲ್ಲಿ ನಿಲ್ಲಿಸಿ, ಹಿಟ್ಟು ಜರಡಿ ಹಿಡಿಯುವುದನ್ನೂ ಅರಸನೊಬ್ಬ ಬರೆದಿಟ್ಟನೆಂಬುದು ಸಾಮಾನ್ಯ ಸಂಗತಿಯಲ್ಲ. ಆದರೂ ಅದು ಅರಮನೆಯ ಅಡುಗೆ. ಅದರ ಸುತ್ತಲಿನ ಹಳ್ಳಿಗಳ ಒಲೆಯ ಮೇಲೆ ಏನು ಬೇಯುತ್ತಿತ್ತೆಂಬುದಕ್ಕೆ ಬೇರೆಡೆ ನೋಡಬೇಕಾಗುತ್ತದೆ.

ಹಳ್ಳಿಯ ಧಾನ್ಯ ಜೋಳ. ಆಫ್ರಿಕಾದ ಸುಡಾನ್ ಪ್ರದೇಶದಲ್ಲಿ ಸುಮಾರು 5000 ವರ್ಷಗಳ ಹಿಂದೆ ಒಕ್ಕಲುತನಕ್ಕೆ ಒಳಗಾದ ಈ ಬೆಳೆ ಸಾವಿರಾರು ವರ್ಷಗಳ ಹಿಂದೆಯೇ ಭಾರತಕ್ಕೆ ಬಂದು ದಖ್ಖನಿನ ಕಪ್ಪು ಮಣ್ಣಿಗೆ ಹೊಂದಿಕೊಂಡಿತು. ಒಡೆಯನ ಅನ್ನದ ಋಣವನ್ನು ಹಳಗನ್ನಡದ ಕವಿಗಳು ‘ಜೋಳದ ಪಾಳಿ’ ಎಂದು ಕರೆದಿರುವುದರಿಂದ, 10ನೆಯ ಶತಮಾನದ ಹೊತ್ತಿಗೆ ಅದು ಕನ್ನಡ ನಾಡಿನ ಊಟದ ಮೂಲವಾಗಿತ್ತೆಂದು ತಿಳಿಯಬಹುದು. ಬೀದರ್ ನಗರ ನಿಂತಿರುವುದು ಕೆಂಪು ಮುರಕಲ್ಲಿನ ಎತ್ತರದ ಮೇಲೆ. ಅದರಿಂದ ಇಳಿದು ಮಾಂಜ್ರಾ ನದಿಯತ್ತ, ಭಾಲ್ಕಿ ಹಾಗೂ ಔರಾದ್ ತಾಲ್ಲೂಕುಗಳ ಕಡೆಗೆ ಹೋದಂತೆ ಎರೆಹೊಲಗಳು ಹರಡಿಕೊಳ್ಳುತ್ತವೆ. ಮುಂಗಾರಿನ ತೇವವನ್ನು ತಿಂಗಳುಗಟ್ಟಲೆ ಹಿಡಿದಿಡುವ ಆ ಮಣ್ಣಿನಲ್ಲಿ ಮಳೆ ಹಿಂದೆ ಸರಿದ ಮೇಲೆ ಬಿತ್ತಿ, ಚಳಿಯ ಇಬ್ಬನಿಯಲ್ಲಿ ಬೆಳೆಸುವ ಹಿಂಗಾರಿ ಬಿಳಿಜೋಳವೇ ರೊಟ್ಟಿಗೆ ಶ್ರೇಷ್ಠವೆಂದು ಮನೆಮನೆಯವರು ಎಣಿಸುತ್ತ ಬಂದಿದ್ದಾರೆ.

ಬಹಮನಿ ಸುಲ್ತಾನ ಅಹ್ಮದ್ ಶಾಹನು 15ನೆಯ ಶತಮಾನದ ಮೊದಲರ್ಧದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ನಂತರ ಪಟ್ಟಣದ ಅಡುಗೆಯಲ್ಲಿ ಪರ್ಷಿಯಾ ಮತ್ತು ಮಧ್ಯ ಏಷ್ಯಾದ ರುಚಿಗಳು ಸೇರಿದವು. ಆ ರಾಜಧಾನಿಗೆ 1470ರ ಸುಮಾರಿನಲ್ಲಿ ಬಂದ ರಷ್ಯದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್ ಮಾರಲೆಂದು ಒಂದು ಕುದುರೆಯನ್ನು ತಂದಿದ್ದನು. ಇಲ್ಲಿ ಕುದುರೆಗಳಿಗೆ ಕಡಲೆಯನ್ನೂ, ಸಕ್ಕರೆ ಎಣ್ಣೆಗಳೊಂದಿಗೆ ಬೇಯಿಸಿದ ಖಿಚಡಿಯನ್ನೂ ತಿನ್ನಿಸುತ್ತಾರೆಂದು ಅವನು ದಾಖಲಿಸಿದ್ದಾನೆ. ಹಿಂದೂಗಳು ಅನ್ನ, ತುಪ್ಪ ಬೆರೆಸಿದ ಖಿಚಡಿ, ಸೊಪ್ಪುಗಳನ್ನು ಬಲಗೈಯಿಂದ ಉಣ್ಣುವುದನ್ನೂ ಗಮನಿಸಿದ್ದಾನೆ. ಉತ್ತರ ಯುರೋಪಿನ ಶೀತ ಹೊಲಗಳಲ್ಲಿ ಕುದುರೆಗೂ ಬಡವನಿಗೂ ಸಮನಾಗಿ ಒದಗುತ್ತಿದ್ದ ಓಟ್ಸ್ ಅವನ ತಾಯ್ನಾಡಿನ ಧಾನ್ಯ. ಅದು ದಖ್ಖನಿನ ಬಿಸಿಲಿಗೆ ಒಗ್ಗುವ ಬೆಳೆಯಲ್ಲ. ಭಾರತದಲ್ಲಿ ಅದನ್ನು ಬೆಳೆಯುವುದು ಮುಖ್ಯವಾಗಿ ಉತ್ತರದಲ್ಲಿ, ಅದೂ ಬಹುಮಟ್ಟಿಗೆ ದನಗಳ ಮೇವಿಗಾಗಿ. ಯುರೋಪಿನ ಹಳ್ಳಿಗೆ ಓಟ್ಸ್ ಯಾವ ಸ್ಥಾನದಲ್ಲಿತ್ತೋ ಬೀದರ್ ಸೀಮೆಯ ಹಳ್ಳಿಗೆ ಜೋಳ ಆ ಸ್ಥಾನದಲ್ಲಿತ್ತು.

ಓಟ್ಸ್‌ಗೂ ಜೋಳಕ್ಕೂ ಅಡುಗೆಯ ದೃಷ್ಟಿಯಿಂದ ಒಂದು ಸಮಾನ ತೊಡಕಿದೆ. ಗೋಧಿ ಹಿಟ್ಟನ್ನು ನಾದಿದಾಗ ಎಳೆಯೆಳೆಯಾಗಿ ಹಿಗ್ಗುವ ಗ್ಲುಟೆನ್ ಎಂಬ ಜಿಗುಟು ಪ್ರೋಟೀನು ಜೋಳದಲ್ಲಿ ಇಲ್ಲ, ಓಟ್ಸ್‌ನಲ್ಲಿಯೂ ಹಿಟ್ಟನ್ನು ಹಾಗೆ ಹಿಡಿದಿಡುವ ಶಕ್ತಿಯಿಲ್ಲ. ಪ್ಯಾನ್‌ಕೇಕಿನಲ್ಲಿ ಈ ಕೊರತೆಯನ್ನು ಬಾಳೆಹಣ್ಣಿನ ಪೆಕ್ಟಿನ್ ಬಹುಮಟ್ಟಿಗೆ ತುಂಬುತ್ತದೆ. ಆದ್ದರಿಂದಲೇ ಸಕ್ಕರೆ, ಮೈದಾಗಳಿಲ್ಲದೆಯೂ ಅದು ಹೆಂಚಿನ ಮೇಲೆ ಮುರಿಯದೆ ಮಗುಚಿಕೊಳ್ಳುತ್ತದೆ. ಜೋಳದ ಮನೆಗಳು ಇದೇ ತೊಡಕನ್ನು ಕುದಿನೀರಿನಿಂದ ಪರಿಹರಿಸಿಕೊಂಡವು. ಪರಾತದಲ್ಲಿ ಹಿಟ್ಟನ್ನು ಗುಡ್ಡೆ ಮಾಡಿ, ನಡುವೆ ಗುಣಿ ತೋಡಿ, ಎಸರನ್ನು, ಎಂದರೆ ಕುದಿಯುವ ನೀರನ್ನು, ಅದರಲ್ಲಿ ಹೊಯ್ದಾಗ ಹಿಟ್ಟಿನ ಪಿಷ್ಟ ಅರೆಬೆಂದು ಅಂಟಾಗುತ್ತದೆ. ಕೈ ತಾಳುವಷ್ಟು ಆರಿದ ಮೇಲೆ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿ, ಉಂಡೆಯನ್ನು ಒಣಹಿಟ್ಟಿನ ಮೇಲಿಟ್ಟು ತಟ್ಟುತ್ತ ತಿರುಗಿಸುತ್ತ ಅಗಲಿಸುತ್ತಾರೆ. ಹೆಂಚಿಗೆ ಹಾಕಿದ ರೊಟ್ಟಿಯ ಮೇಲ್ಮೈಗೆ ಕೂಡಲೇ ಒದ್ದೆ ಬಟ್ಟೆಯಿಂದ ನೀರು ಸವರುವುದು, ಅಂಟಿದ ಒಣಹಿಟ್ಟು ಹೋಗಿ ರೊಟ್ಟಿ ಬಿರಿಯದೆ ಬೇಯಲೆಂದು. ಮಗುಚಿ, ಕೊನೆಗೆ ಕೆಂಡದ ಬದಿಗೆ ನಿಲ್ಲಿಸಿದಾಗ ರೊಟ್ಟಿ ಉಬ್ಬಿದರೆ ಮಾತ್ರ ಬಡಿದವರ ಕೈಗೆ ಮೆಚ್ಚುಗೆ. ಹಳಸಿದ ಹಿಟ್ಟಿನಲ್ಲಿ ಈ ಜಿಗುಟು ಹುಟ್ಟದಿರುವುದರಿಂದ ಹಿಟ್ಟನ್ನು ಆಗಾಗ ಹೊಸದಾಗಿ ಬೀಸಬೇಕಾಗಿತ್ತು. ಗಿರಣಿ ಬರುವ ಮುನ್ನ ಆ ದುಡಿಮೆಯೆಲ್ಲ ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳದಾಗಿತ್ತು.

ರೊಟ್ಟಿ ದಿನದ ಊಟವಾದರೆ ಧಪಾಟಿ ಪಯಣದ ಮತ್ತು ಬೆಳಗಿನ ತಿನಿಸು. ಜೋಳದ ಹಿಟ್ಟಿಗೆ ಕಡಲೆಹಿಟ್ಟು, ಸ್ವಲ್ಪ ಗೋಧಿಹಿಟ್ಟು ಸೇರಿಸಿ, ಮೆಂತ್ಯದ ಸೊಪ್ಪು ಅಥವಾ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಜೀರಿಗೆ, ಅಜವಾನ, ಎಳ್ಳುಗಳೊಂದಿಗೆ ಮೊಸರಿನಲ್ಲಿ ಕಲಸಿ, ಒದ್ದೆ ಬಟ್ಟೆಯ ಮೇಲೆ ತಟ್ಟಿ, ಬೆರಳಿನಿಂದ ತೂತು ಮಾಡಿ, ಹೆಂಚಿಗೆ ಮಗುಚಿ ಆ ತೂತುಗಳಿಗೆ ಎಣ್ಣೆ ಬಿಡುತ್ತಾರೆ. ನೆರೆಯ ಮರಾಠವಾಡದಲ್ಲಿಯೂ ಇದೇ ಹೆಸರು, ಇದೇ ಕ್ರಮ. ಅಲ್ಲಿನ ಥಾಲಿಪೀಠ ಇದರ ಹತ್ತಿರದ ಬಂಧು. ಹಿಟ್ಟನ್ನು ನೀರಾಗಿ ಕಲಸಿ ಹೊಯ್ಯುವ, ಕೆಲವೊಮ್ಮೆ ಬೆಲ್ಲ ಬೆರೆಸಿ ಸಿಹಿಯಾಗಿಸುವ ಧಿರಡೆಯೂ ಮರಾಠಿ ಮಾತನಾಡುವ ಮನೆಗಳಲ್ಲಿದೆ. ಇಂದಿನ ಪ್ಯಾನ್‌ಕೇಕಿಗೆ ರೂಪದಲ್ಲಿ ಅತ್ಯಂತ ಸಮೀಪದ್ದು ಅದೇ. ಬಾಳೆಹಣ್ಣು ಇಲ್ಲಿ ಹಿಟ್ಟಿನೊಳಗೆ ಸೇರುವ ಬದಲು ಪಕ್ಕದ ಬಟ್ಟಲಿನಲ್ಲಿ ಕುಳಿತಿತು: ಹಣ್ಣನ್ನು ಹಾಲಿನಲ್ಲಿ ಕಿವುಚಿ ಬೆಲ್ಲ ಅಥವಾ ಸಕ್ಕರೆ, ಏಲಕ್ಕಿ ಬೆರೆಸಿದ ಸೀಕರಣೆಯನ್ನು ಚಪಾತಿಯೊಂದಿಗೆ ತಿನ್ನುವುದು ಉತ್ತರ ಕರ್ನಾಟಕದುದ್ದಕ್ಕೂ ಬಳಕೆಯಲ್ಲಿದೆ.

ಈ ಅಡುಗೆಗಳ ಗಡಿ ರಾಜ್ಯಗಳ ಗಡಿಗಿಂತ ಹಳೆಯದು. 1948ರ ಸೆಪ್ಟೆಂಬರಿನವರೆಗೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದ ಬೀದರ್ ಜಿಲ್ಲೆಯನ್ನು 1956ರ ನವೆಂಬರ್ 1ರಂದು ಮೂರು ರಾಜ್ಯಗಳಿಗೆ ಹಂಚಿದಾಗ, ಬೀದರ್, ಭಾಲ್ಕಿ, ಹುಮನಾಬಾದ್, ಔರಾದ್ ಅಂದಿನ ಮೈಸೂರಿಗೆ ಬಂದವು. ಉದಗೀರ್, ನಿಲಂಗಾ, ಅಹಮದ್‌ಪುರ ಕಡೆಯ ಭಾಗಗಳು ಮರಾಠಿ ಪ್ರದೇಶಕ್ಕೂ, ಜಹೀರಾಬಾದ್, ನಾರಾಯಣಖೇಡ ತೆಲುಗು ಪ್ರದೇಶಕ್ಕೂ ಹೋದವು. ರಾಜ್ಯದ ಉತ್ತರದ ತುದಿಯಾದ ಔರಾದಿನ ಹಳ್ಳಿಗಳಲ್ಲಿ ಕನ್ನಡ, ಮರಾಠಿ ಎರಡೂ ಒಂದೇ ಓಣಿಯಲ್ಲಿ ಕೇಳಿಬರುತ್ತವೆ; ಧಪಾಟಿ ಎರಡಕ್ಕೂ ಸೇರಿದ್ದು. ಎಳ್ಳಮಾವಾಸ್ಯೆಯೂ ಹಾಗೆಯೇ. ಹಿಂಗಾರಿ ಜೋಳ ಹೊಲದಲ್ಲಿ ನಿಂತಿರುವ ಡಿಸೆಂಬರ್–ಜನವರಿಯ ಆ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಚರಗವನ್ನು, ಎಂದರೆ ಹೊಲಕ್ಕೆ ಅರ್ಪಿಸುವ ಎಡೆಯನ್ನು, ಚೆಲ್ಲಿ, ಜೋಳ ಸಜ್ಜೆಗಳ ರೊಟ್ಟಿ, ಹಲವು ಕಾಳು ತರಕಾರಿಗಳನ್ನು ಕೂಡಿಸಿ ಬೇಯಿಸಿದ ಭಜ್ಜಿ, ಹುಳಿಯಾದ ಅಂಬಲಿಗಳನ್ನು ಬಂದವರಿಗೆಲ್ಲ ಬಡಿಸುತ್ತಾರೆ. ಗಡಿಯಾಚೆ ಲಾತೂರಿನಲ್ಲಿಯೂ ಹಬ್ಬ ಇದೇ.

ಜೋಳದ ಹೊಲ ಮಾತ್ರ 20ನೆಯ ಶತಮಾನದಲ್ಲಿ ಬೇಗ ಬದಲಾಯಿತು. 1930ರ ದಶಕದಲ್ಲಿ ಸೋಲಾಪುರ ಜಿಲ್ಲೆಯ ಮೊಹೋಳದಲ್ಲಿ ಮಾಲದಂಡಿ ಎಂಬ ನಾಡತಳಿಯಿಂದ ಆರಿಸಿದ ಎಂ. 35-1 ತಳಿ ರೊಟ್ಟಿಯ ರುಚಿಗೂ ಮೇವಿಗೂ ಹೆಸರಾಗಿ ದಖ್ಖನಿನಾದ್ಯಂತ ಹರಡಿತು. 1964ರಲ್ಲಿ ಬಂದ ಮೊದಲ ಸಂಕರ ತಳಿ ಸಿ.ಎಸ್.ಎಚ್. 1 ಇಳುವರಿ ಹೆಚ್ಚಿಸಿತಾದರೂ, ಮುಂಗಾರಿನಲ್ಲಿ ಕಟಾವಿಗೆ ಬರುವ ಇಂತಹ ಗಿಡ್ಡ ತಳಿಗಳ ಕಾಳು ಮಳೆಗೆ ಸಿಕ್ಕಿ ಬೂಷ್ಟು ಹಿಡಿಯುತ್ತಿತ್ತು, ಮೇವೂ ಕಡಿಮೆ ಬರುತ್ತಿತ್ತು. ಮುಂದೆ ಸೋಯಾ, ಕಬ್ಬುಗಳು ಜೋಳದ ನೆಲವನ್ನು ಆಕ್ರಮಿಸಿದವು. 2013ರ ಜುಲೈ 10ರಂದು ಆರಂಭವಾದ ಅನ್ನಭಾಗ್ಯ ಯೋಜನೆ ಬಡ ಮನೆಗಳ ಹಸಿವನ್ನು ನೀಗಿದ ದೊಡ್ಡ ಕೆಲಸವಾದರೂ, ಊಟದ ತಟ್ಟೆ ಅಕ್ಕಿಯ ಕಡೆಗೆ ವಾಲುವುದಕ್ಕೂ ಅದು ನೆರವಾಯಿತು.

ಹೀಗೆ ಬೀದರಿನ ಅಂಗಡಿಗೆ ಓಟ್ಸ್ ಪೊಟ್ಟಣ ಬಂದಾಗ ಅದಕ್ಕೆ ಸಮನಾದ ಊರಿನ ಧಾನ್ಯ ಹಿತ್ತಲಿಗೆ ಸರಿದಿತ್ತು. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, ಅಷ್ಟೇ ಪ್ರಮಾಣದ ನಾರು ಇವೆ. ಓಟ್ಸ್‌ನ ಹಿರಿಮೆ ಅದರಲ್ಲಿರುವ ಬೀಟಾ ಗ್ಲುಕಾನ್ ಎಂಬ ಕರಗುವ ನಾರಿನಿಂದ ಬಂದದ್ದು, ಅದು ನಿಜವಾದ ಹಿರಿಮೆಯೇ. ಆದರೆ ಬೆಳಗಿನ ಹೆಂಚಿಗೆ ಹಿತವಾದ ಹಿಟ್ಟು ಬೇಕೆಂಬ ಕಾರಣಕ್ಕೆ ದೂರದ ಧಾನ್ಯವನ್ನೇ ಕಾಯಬೇಕಾದ ಸ್ಥಿತಿ ಈ ಸೀಮೆಗೆ ಎಂದೂ ಇರಲಿಲ್ಲ. ಕಳಿತ ಬಾಳೆಹಣ್ಣನ್ನು ಜೋಳದ ಹಿಟ್ಟಿಗೆ ಕಿವುಚಿ ಹೊಯ್ದರೂ ತಿಂಡಿ ಹೆಂಚಿನ ಮೇಲೆ ಹಿಡಿದು ನಿಲ್ಲುತ್ತದೆ.

ಸೋಮೇಶ್ವರನ ಅರಮನೆಯ ಅಡುಗೆ ಬರಹಕ್ಕೆ ಇಳಿದು ಉಳಿಯಿತು. 1508ರಲ್ಲಿ ಕನ್ನಡದಲ್ಲಿಯೇ ‘ಸೂಪಶಾಸ್ತ್ರ’ವನ್ನು ಬರೆದ 3ನೆಯ ಮಂಗರಸನಿಂದಾಗಿ ದಕ್ಷಿಣದ ಅಡುಗೆಯೂ ಉಳಿಯಿತು. ಭಾಲ್ಕಿ, ಔರಾದ್ ಹಳ್ಳಿಗಳ ಹೆಂಚಿನ ವಿದ್ಯೆ ಮಾತ್ರ ಬಹುಪಾಲು ಹಿರಿಯ ಹೆಣ್ಣುಮಕ್ಕಳ ಕೈಯಲ್ಲಿಯೇ ಇದೆ. ಯಾವ ಜೋಳಕ್ಕೆ ಎಷ್ಟು ಎಸರು, ಯಾವ ಹಿಟ್ಟಿಗೆ ಯಾವ ಬೆರಕೆ, ಯಾವ ಹಬ್ಬಕ್ಕೆ ಯಾವ ತಿನಿಸು ಎಂಬುದನ್ನು ಅವರ ಮಾತಿನಲ್ಲಿಯೇ, ಕನ್ನಡ ಮರಾಠಿ ಉರ್ದು ಮೂರರಲ್ಲಿಯೂ, ಬರೆದುಕೊಳ್ಳುವ ಕೆಲಸಕ್ಕೆ ಜಿಲ್ಲೆಯ ಕಾಲೇಜುಗಳೂ ಅಲ್ಲಿನ ವಿದ್ಯಾರ್ಥಿಗಳೂ ತಡಮಾಡದೆ ಕೈಹಾಕಬೇಕು.