ಅಜ್ಜಿಯ ಅಂಬಲಿ, ಊರ ಬಾವಿ ಮತ್ತು ನಮ್ಮ ಹೊಟ್ಟೆಯೊಳಗಿನ ಜೀವಿಗಳು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಗುರುಗಳು ಫೋನ್ ಮಾಡಿದಾಗ ನನಗೆ ಮೊದಲು ನೆನಪಾದದ್ದು ಒಂಬತ್ತನೇ ತರಗತಿಯ ವಿಜ್ಞಾನದ ಪೀರಿಯಡ್. ಆಗ ನಮ್ಮ ಶಾಲೆಯಲ್ಲಿ ಇದ್ದದ್ದು ಒಂದೇ ಸೂಕ್ಷ್ಮದರ್ಶಕ. ಸಾಲಾಗಿ ನಿಂತು, ಒಂದು ಕಣ್ಣು ಮುಚ್ಚಿ, ಸರದಿಯ ಮೇಲೆ ನೋಡಬೇಕಿತ್ತು. ಮೇಷ್ಟ್ರು ಮೊಸರಿನ ಒಂದು ಹನಿಯನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ತೋರಿಸಿದರು. “ಇಂಥವು ನಿಮ್ಮ ಹೊಟ್ಟೆಯಲ್ಲೂ ಕೋಟಿಗಟ್ಟಲೆ ಇವೆ ಕಣ್ರೋ” ಎಂದರು. ನಾವು “ಥೂ” ಎಂದು ನಕ್ಕೆವು.

ಸಂಜೆ ಮನೆಗೆ ಬಂದು ಅಜ್ಜಿಗೆ ಹೇಳಿದೆ. ಅಜ್ಜಿ ನಗಲಿಲ್ಲ. “ಆ ಹೊಟ್ಟೆಯೊಳಗಿನ ಹುಳಾನೇ ನಮ್ಮಣ್ಣನ್ನ ತಿಂದದ್ದು” ಎಂದಳು. ಅಜ್ಜಿಯ ತವರು ನಾಗಮಂಗಲ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಅವಳು ಚಿಕ್ಕವಳಿದ್ದಾಗ ಊರಿಗೆ ವಾಂತಿಭೇದಿ ಬಂತಂತೆ. ಒಂದೇ ರಾತ್ರಿಯಲ್ಲಿ ಅಣ್ಣ ಹೋದ. ಮರುದಿನ ತಂಗಿ. ಇಡೀ ಊರು ಕುಡಿಯುತ್ತಿದ್ದದ್ದು ಒಂದೇ ಬಾವಿಯ ನೀರು.

ಮೇಷ್ಟ್ರು ಹೇಳಿದ್ದು ಸರಿಯೋ, ಅಜ್ಜಿ ಹೇಳಿದ್ದು ಸರಿಯೋ ಎಂಬ ಪ್ರಶ್ನೆ ಅಂದಿನಿಂದ ನನ್ನಲ್ಲಿ ಉಳಿದುಬಿಟ್ಟಿತು. ನಾನು ಓದಿದ್ದು ಬಿ.ಇ., ವೈದ್ಯಕೀಯವಲ್ಲ. ಆದರೂ ಬಿಡುವಿನಲ್ಲಿ ಈ ವಿಷಯದ ಚರಿತ್ರೆಯನ್ನು ಓದುತ್ತಾ ಬಂದಿದ್ದೇನೆ. ಅದನ್ನು ನಮ್ಮ ಊರುಗಳ ಮಟ್ಟಿಗೆ ಹೇಳುವ ಸಣ್ಣ ಪ್ರಯತ್ನ ಇದು.

ಹೊಟ್ಟೆಯೊಳಗಿನ ಜೀವಿಗಳನ್ನು ಮೊದಲು ಕಂಡವನು ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್. 1681ರಲ್ಲಿ ಭೇದಿಯಾದಾಗ ತನ್ನದೇ ಮಲವನ್ನು ತಾನೇ ಮಾಡಿದ ಮಸೂರದಲ್ಲಿ ನೋಡಿ, ಅದರಲ್ಲಿ ಓಡಾಡುವ ಜೀವಿಗಳಿವೆ ಎಂದು ಬರೆದ. 1683ರಲ್ಲಿ ಹಲ್ಲಿನ ಪಾಚಿಯಲ್ಲೂ ಅವನ್ನು ಕಂಡ. ಅದಾಗಿ ಇನ್ನೂರು ವರ್ಷಗಳ ನಂತರ, 1884ರಲ್ಲಿ, ರಾಬರ್ಟ್ ಕಾಖ್ ಕಲ್ಕತ್ತೆಯಲ್ಲಿ ಕಾಲರಾ ರೋಗಿಗಳಲ್ಲಿ ಬಾಗಿದ ಕಡ್ಡಿಯಂಥ ಬ್ಯಾಕ್ಟೀರಿಯಾವನ್ನು ಗುರುತಿಸಿದ. ಮರುವರ್ಷವೇ ಎಶೆರಿಕ್ ಎಂಬ ಮಕ್ಕಳ ವೈದ್ಯ, ಆರೋಗ್ಯವಂತ ಹಸುಗೂಸುಗಳ ಕರುಳಿನಲ್ಲೂ ಬ್ಯಾಕ್ಟೀರಿಯಾ ಇರುವುದನ್ನು ವಿವರಿಸಿದ. ಒಬ್ಬ ಕಂಡದ್ದು ಕೊಲ್ಲುವ ಜೀವಿ, ಇನ್ನೊಬ್ಬ ಕಂಡದ್ದು ಜೊತೆಗಿರುವ ಜೀವಿ. ಜನರ ಮನಸ್ಸಿನಲ್ಲಿ ನಿಂತದ್ದು ಕೊಲ್ಲುವುದು ಮಾತ್ರ. ಅದರಲ್ಲಿ ತಪ್ಪೇನಿಲ್ಲ. ಮಕ್ಕಳು ಸಾಯುತ್ತಿದ್ದಾಗ ಮೊದಲು ಕಾಣುವುದು ಶತ್ರುವೇ.

ನಮ್ಮ ಭಾಗದಲ್ಲಿ ಈ ಹೋರಾಟಕ್ಕೂ ಒಂದು ಚರಿತ್ರೆ ಇದೆ. ಮೈಸೂರು ಸಂಸ್ಥಾನ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವು ಪಡೆದು, 1920ರ ದಶಕದ ಕೊನೆಯಲ್ಲಿ ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕ ತೆರೆಯಿತು. ಶ್ರೀರಂಗಪಟ್ಟಣದ ಹತ್ತಿರದ ನಗೇನಹಳ್ಳಿಯಲ್ಲಿ ಮಲೇರಿಯಾ ಅಧ್ಯಯನ ಕೇಂದ್ರವೂ ನಡೆಯಿತು. ಕುದಿಸಿದ ನೀರು, ಶೌಚಾಲಯ, ಲಸಿಕೆ ಎಂಬ ಮಾತುಗಳು ಹಳ್ಳಿಗಳಿಗೆ ಬಂದದ್ದು ಇಂಥ ಕೆಲಸಗಳಿಂದ. ನಮ್ಮೂರಿಗೆ ಬೋರ್‌ವೆಲ್ ಕೈಪಂಪು ಬಂದ ದಿನ ಅಜ್ಜಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದ್ದಳಂತೆ. ಅವಳು ಯಾಕೆ ಹಾಗೆ ಮಾಡಿದಳೆಂದು ನನಗೆ ಅರ್ಥವಾದದ್ದು ಬಹಳ ತಡವಾಗಿ.

ಇನ್ನು ಊಟದ ವಿಚಾರ. 1800ರಲ್ಲಿ, ಟಿಪ್ಪು ಮಡಿದ ಮರುವರ್ಷ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ನಮ್ಮ ಸೀಮೆಯಲ್ಲಿ ಸಂಚರಿಸಿ ಬೆಳೆ, ಕಾಲುವೆ, ಊಟ ಎಲ್ಲವನ್ನೂ ಬರೆದಿಟ್ಟ. ದುಡಿಯುವ ಜನರ ಮುಖ್ಯ ಆಹಾರ ರಾಗಿ ಎಂದು ಅವನು ಗುರುತಿಸಿದ್ದಾನೆ. ಶ್ರೀರಂಗಪಟ್ಟಣದ ಸುತ್ತ ಹಳೆಯ ನಾಲೆಗಳಿದ್ದು ಭತ್ತ ಆಗಲೇ ಇತ್ತು. ಕನ್ನಂಬಾಡಿ ಕಟ್ಟೆ ಆಗಿ, ವಿಶ್ವೇಶ್ವರಯ್ಯ ನಾಲೆ ಹರಿದ ಮೇಲೆ ಪಾಂಡವಪುರದ ಕಡೆಗೂ ಭತ್ತ, ಕಬ್ಬು ಬಂದವು. ನಾಗಮಂಗಲ, ಕೆ.ಆರ್.ಪೇಟೆಯ ಬೆದ್ದಲು ಭಾಗಗಳಲ್ಲಿ ರಾಗಿ, ಹುರುಳಿ, ಅವರೆಯೇ ಉಳಿದವು. ನಮ್ಮ ಮನೆಯಲ್ಲೇ ಈ ಎರಡೂ ಸೀಮೆ ಇದ್ದವು. ತಾತನಿಗೆ ರಾತ್ರಿ ಅನ್ನ ಬೇಕು. ಅಜ್ಜಿಗೆ ಮಾತ್ರ ಬೆಳಿಗ್ಗೆ ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿದ ಅಂಬಲಿಯೇ ಬೇಕು. “ಬಡವರ ಊಟ” ಎಂದು ನಾವು ಮೊಮ್ಮಕ್ಕಳು ಮೂಗು ಮುರಿಯುತ್ತಿದ್ದೆವು.

ಈ ಅಂಬಲಿಗೂ ಹೊಟ್ಟೆಯ ಜೀವಿಗಳಿಗೂ ಇರುವ ನಂಟನ್ನು ವಿಜ್ಞಾನ ಕಂಡುಕೊಂಡದ್ದು ಈಚೆಗೆ. ಬೇಯಿಸಿದ ಪಿಷ್ಟ ಆರಿದಾಗ ಅದರ ಒಂದು ಅಂಶ ಗಟ್ಟಿಯಾಗಿ, ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಒಂದು ಮಿಲಿಲೀಟರಿಗೆ ಸುಮಾರು ಹತ್ತು ಸಾವಿರ ಕೋಟಿ ಬ್ಯಾಕ್ಟೀರಿಯಾಗಳಿರುತ್ತವೆ. ಅವು ಅದನ್ನು ಹುದುಗಿಸಿ ಸಣ್ಣ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ಆ ಆಮ್ಲಗಳು ಕರುಳಿನ ಒಳಪದರಕ್ಕೆ ಆಹಾರ. ಮೈಸೂರಿನ ಚೆಲುವಾಂಬ ಅರಮನೆಯಲ್ಲಿ 1950ರಿಂದ ಇರುವ ಸಿ.ಎಫ್.ಟಿ.ಆರ್.ಐ. ಸಂಸ್ಥೆಯ ವಿಜ್ಞಾನಿಗಳು, ಬೇರೆ ಬೇರೆ ರೀತಿ ಬೇಯಿಸಿದ ಅಕ್ಕಿ ಮತ್ತು ರಾಗಿಯಲ್ಲಿ ಇಂಥ ಪಿಷ್ಟ ಎಷ್ಟಿದೆ ಎಂದು ಅಳೆದಿದ್ದಾರೆ.

ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಕೆಲಸವನ್ನೂ ಇಲ್ಲಿ ನೆನೆಯಬೇಕು. 1960ರ ದಶಕದಲ್ಲಿ ಅಲ್ಲಿನ ಸುತ್ತಲ ಹಳ್ಳಿಗಳಲ್ಲಿ ವಾಸಿಯಾಗದ ಭೇದಿ ಹಬ್ಬಿದಾಗ ಬೇಕರ್, ಮಥಾನ್ ಮುಂತಾದ ವೈದ್ಯರು ಹಳ್ಳಿಗಳಿಗೇ ಹೋಗಿ ಅಧ್ಯಯನ ಮಾಡಿದರು. 1980ರಲ್ಲಿ ಅವರ ತಂಡ, ಸಣ್ಣ ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಬಿ12 ಜೀವಸತ್ವವನ್ನು ತಯಾರಿಸಬಲ್ಲವು ಎಂದು ತೋರಿಸಿತು. 2000ದಲ್ಲಿ ಅದೇ ಕಾಲೇಜಿನ ರಾಮಕೃಷ್ಣ ಮತ್ತು ಸಂಗಡಿಗರು, ಕಾಲರಾ ರೋಗಿಗಳ ಓಆರ್‌ಎಸ್‌ಗೆ ಜೀರ್ಣವಾಗದ ಪಿಷ್ಟ ಸೇರಿಸಿದರೆ ಭೇದಿ ಬೇಗ ಇಳಿಯುತ್ತದೆ ಎಂದು ಕಂಡರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಜ್ಜಿಯ ಅಣ್ಣನನ್ನು ಕೊಂದದ್ದು ಕರುಳಿನ ಒಂದು ಜೀವಿ. ಅದೇ ರೋಗದಲ್ಲಿ ಮೈಯ ನೀರು ಉಳಿಸಲು ನೆರವಾಗುವುದು ಕರುಳಿನ ಬೇರೆ ಜೀವಿಗಳು. ಮೇಷ್ಟ್ರು ಹೇಳಿದ್ದೂ ಸರಿ, ಅಜ್ಜಿ ಹೇಳಿದ್ದೂ ಸರಿ.

ಈಗ ಈ ವಿದ್ಯೆ ನನ್ನ ಕಸುಬಿನ ಹತ್ತಿರಕ್ಕೆ ಬಂದಿದೆ. ಕರುಳಿನ ಬಹಳಷ್ಟು ಜೀವಿಗಳು ಗಾಳಿ ಸೋಕಿದರೆ ಸಾಯುತ್ತವೆ, ಅವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುವುದು ಕಷ್ಟ. 1977ರಲ್ಲಿ ಕಾರ್ಲ್ ವೋಸ್ ತೋರಿಸಿದ ದಾರಿಯಿಂದ, ಜೀವಿಯನ್ನು ಬೆಳೆಸದೆ ಅದರ ಒಂದು ಜೀನಿನ ಅಕ್ಷರಗಳನ್ನು ಓದಿಯೇ ಯಾವುದೆಂದು ಗುರುತಿಸಬಹುದು. ನಾಲ್ಕೇ ಅಕ್ಷರಗಳ ಲಕ್ಷಾಂತರ ಸಾಲುಗಳನ್ನು ಹೋಲಿಸುವುದು ಕಂಪ್ಯೂಟರಿನ ಕೆಲಸ. ನಮ್ಮ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು 2016ರಲ್ಲಿ ಅಂದಾಜಿಸಲಾಯಿತು. ಅಮೆರಿಕದ ದೊಡ್ಡ ಯೋಜನೆ 2012ರಲ್ಲಿ ಪ್ರಕಟಿಸಿದ ಫಲಿತಾಂಶ ಅಲ್ಲಿನ 242 ಆರೋಗ್ಯವಂತರದು. ಭಾರತದಲ್ಲಿ 1,004 ಜನರ ಕರುಳಿನ ಜೀವಿಗಳ ಮಾಹಿತಿ 2018ರಲ್ಲಿ ಪ್ರಕಟವಾಯಿತು. ಇಷ್ಟು ದೊಡ್ಡ ದೇಶಕ್ಕೆ ಇದು ಆರಂಭ ಮಾತ್ರ. ಮುದ್ದೆ ಉಂಡು ದುಡಿದ ನಮ್ಮ ಅಜ್ಜಿಯ ತಲೆಮಾರು ಯಾವ ಲೆಕ್ಕಕ್ಕೂ ಸಿಗದೆ ಹೊರಟುಹೋಗುತ್ತಿದೆ.

ನನ್ನ ವಿಷಯವನ್ನೂ ಹೇಳಿಬಿಡುತ್ತೇನೆ. ಬೆಂಗಳೂರಿಗೆ ಹೋದ ಮೇಲೆ ರಾತ್ರಿ ಪಾಳಿ, ಹೋಟೆಲ್ ಊಟ. ನೆಗಡಿಯಾದರೂ ಔಷಧದಂಗಡಿಯಲ್ಲಿ ಕೇಳಿ ಆಂಟಿಬಯೋಟಿಕ್ ನುಂಗುತ್ತಿದ್ದೆ. ನೆಗಡಿ ವೈರಸ್ಸಿನದು, ಅದಕ್ಕೆ ಆ ಮಾತ್ರೆ ನಾಟುವುದಿಲ್ಲ. ನಾಟುವುದು ಕರುಳಿನ ನಿರಪರಾಧಿಗಳಿಗೆ. ಎರಡು ವರ್ಷ ಹೊಟ್ಟೆಯ ತೊಂದರೆ ಅನುಭವಿಸಿದೆ. ಕೊನೆಗೆ ಒಬ್ಬ ವೈದ್ಯರು ಮಾತ್ರೆ ಬರೆಯುವ ಮೊದಲು “ಏನು ಊಟ ಮಾಡ್ತೀರಿ?” ಎಂದು ಕೇಳಿದರು. ಈಗ ಸುಧಾರಿಸಿದ್ದೇನೆ. ರಾಗಿಯಿಂದಲೇ ವಾಸಿಯಾಯಿತು ಎಂದು ಹೇಳಲಾರೆ, ಅಷ್ಟು ಸುಲಭದ ಲೆಕ್ಕ ಇದಲ್ಲ.

ಹಳೆಯದೆಲ್ಲ ಒಳ್ಳೆಯದು ಎನ್ನುವವರಿಗೆ ಅಜ್ಜಿಯ ಬಾವಿಯನ್ನು ನೆನಪಿಸಬೇಕು. ಹೊಸದೆಲ್ಲ ಒಳ್ಳೆಯದು ಎನ್ನುವವರಿಗೆ ಅಜ್ಜಿಯ ಅಂಬಲಿಯನ್ನು. ನೀರು ನಲ್ಲಿಯದೇ ಇರಲಿ, ಕುದಿಸಿ ಕುಡಿಯೋಣ. ವೈದ್ಯರು ಹೇಳದೆ ಆಂಟಿಬಯೋಟಿಕ್ ಬೇಡ, ಹೇಳಿದರೆ ಅರ್ಧಕ್ಕೆ ನಿಲ್ಲಿಸುವುದೂ ಬೇಡ.

ಅಜ್ಜಿ ಈಗಿಲ್ಲ. ಅವಳು ಉಣ್ಣುತ್ತಿದ್ದ ಸೊಪ್ಪುಗಳಲ್ಲಿ ಅರ್ಧದ ಹೆಸರು ನನಗೆ ಗೊತ್ತಿಲ್ಲ, ನಾನು ಕೇಳಿ ಬರೆದಿಟ್ಟುಕೊಳ್ಳಲಿಲ್ಲ. ಶಾಲೆಯ ಈಗಿನ ಮಕ್ಕಳಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯ ಹಿರಿಯರು ಚಿಕ್ಕಂದಿನಲ್ಲಿ ಏನು ಉಂಡರು, ಯಾವ ನೀರು ಕುಡಿದರು, ಯಾವ ಕಾಯಿಲೆಗೆ ಯಾರನ್ನು ಕಳೆದುಕೊಂಡರು ಎಂದು ಕೇಳಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಮ್ಮ ಬ್ಯಾಚಿನವರು ಸೇರಿ ಈ ಮಹೋತ್ಸವಕ್ಕೆ ಶಾಲೆಗೆ ನಾಲ್ಕು ಸೂಕ್ಷ್ಮದರ್ಶಕಗಳನ್ನು ಕೊಡುತ್ತಿದ್ದೇವೆ. ಮೊದಲು ಒಂದು ಹನಿ ಮೊಸರನ್ನು ನೋಡಿ. ನಮಗೆ ಅದನ್ನು ತೋರಿಸಿದ ಗುರುಗಳಿಗೆ ನನ್ನ ನಮಸ್ಕಾರ.

— ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು