ನರ, ನಾರಿ, ನ್ಯೂರಾನ್

ನ್ಯೂರೋಟ್ರೋಫಿನ್ ಎಂಬ ಪದವನ್ನು ಒಡೆದರೆ ಎರಡು ಗ್ರೀಕ್ ಮಾತುಗಳು ಸಿಗುತ್ತವೆ. ನಮ್ಮಂಥ ಪದದ ಹುಚ್ಚಿನವರಿಗೆ ಎರಡೂ ಹಬ್ಬವೇ. ಮೊದಲನೆಯ 'ನ್ಯೂರಾನ್' ಹಿಂದೆ ಮಿದುಳಿನತ್ತ ಸುಳಿದದ್ದೇ ಇಲ್ಲ: ಅದು ಕೀಲನ್ನು ಬಿಗಿಯುವ ಕಂಡರ, ಬಿಲ್ಲಿಗೇರಿಸಿದ ಹೆದೆ. ಕ್ರಿ.ಪೂ. 3ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಹೆರೋಫಿಲಸ್ ಶವ ಕೊಯ್ದು, ಸಂವೇದನೆ ಒಯ್ಯುವ ತಂತುಗಳನ್ನು ಬೇರೆಯಾಗಿ ಗುರುತಿಸಿದ. 1891ರಲ್ಲಿ ಜರ್ಮನ್ ಅಂಗರಚನಾತಜ್ಞ ವಾಲ್ಡೆಯರ್ 'ನ್ಯೂರಾನ್' ಎಂಬ ಹೆಸರನ್ನು ಇಡೀ ನರಕೋಶಕ್ಕೇ ಕಟ್ಟಿದ. ಅದರ ದಾಯಾದಿ ಸಂಸ್ಕೃತದ 'ಸ್ನಾಯು'. ಸುಶ್ರುತ ದೇಹದಲ್ಲಿ 900 ಎಂದು ಎಣಿಸಿದ ಆ ಕಟ್ಟು, ಕನ್ನಡದ ಪಠ್ಯಪುಸ್ತಕಗಳಿಗೆ ಬರುವ ಹೊತ್ತಿಗೆ ಮಾಂಸಖಂಡವಾಗಿ ಕೂತಿತ್ತು.

ನಮ್ಮ 'ನರ'ಕ್ಕೆ ಗ್ರೀಕಿನ ನಂಟಿಲ್ಲ, ಮನುಷ್ಯನೆಂಬರ್ಥದ ಸಂಸ್ಕೃತ ನರನ ನಂಟೂ ಇಲ್ಲ. ಅದರ ಒಡಹುಟ್ಟು ತಮಿಳಿನ ನರಂಬು, ತೆಲುಗಿನ ನರಮು. ಆದರೂ ನೋಡಿ, ತಮಿಳಿನಲ್ಲಿ ಅದು ಯಾಳ್ ವಾದ್ಯದ ತಂತಿಯೂ ಹೌದು. ನಮ್ಮ ಹಳೆಯ 'ನಾರಿ' ಎಂದರೆ ಬಿಲ್ಲಿನ ಹೆದೆ. 'ನರಸತ್ತವನು' ಎಂದು ಬಯ್ಯುವ ಬಾಯಿಗೂ ಬಿಗಿ ಕಳೆದುಕೊಂಡದ್ದೇ ಸಾವು.

ನರ ನಿಜಕ್ಕೂ ಸಾಯುತ್ತದೆ, ಹುಟ್ಟುವ ಮೊದಲೇ. ಭ್ರೂಣ ಬೇಕಾದ್ದಕ್ಕಿಂತ ಹೆಚ್ಚು ನರಕೋಶಗಳನ್ನು ಹೆರುತ್ತದೆ. ಕೆಲವು ಕಡೆ ಅರ್ಧದಷ್ಟು ಅಳಿಯುತ್ತವೆ. ತಮ್ಮ ಎಳೆ ಚಾಚಿ ತಲುಪಿದ ಅಂಗಾಂಶ ಕಂಜೂಸುತನದಿಂದ ಒಸರಿಸುವ ಪುಟ್ಟ ಪ್ರೋಟೀನು, ಅಂದರೆ ನ್ಯೂರೋಟ್ರೋಫಿನ್, ದಕ್ಕಿದವು ಉಳಿಯುತ್ತವೆ. 1952ರಲ್ಲಿ ರಿಯೊ ಡಿ ಜನೈರೊದಲ್ಲಿ ರೀಟಾ ಲೆವಿ-ಮೊಂತಾಲ್ಚಿನಿ ಕೋಳಿಭ್ರೂಣದ ನರಗಂಟಿನ ಪಕ್ಕ ಇಲಿಯ ಗೆಡ್ಡೆಯ ಚೂರಿಟ್ಟಾಗ, ಗಂಟಿನ ಸುತ್ತ ಎಳೆಗಳು ಪ್ರಭಾವಳಿಯಂತೆ ಹೊಮ್ಮಿದವು. ಸ್ಟ್ಯಾನ್ಲಿ ಕೊಹೆನ್ ಆ ಎಳೆ ಹೊಮ್ಮಿಸಿದ ಸತ್ತ್ವವನ್ನು ಹಾವಿನ ವಿಷದಲ್ಲಿ, ಆಮೇಲೆ ಇಲಿಯ ಜೊಲ್ಲುಗ್ರಂಥಿಯಲ್ಲಿ ಹಿಡಿದರು. ಇಬ್ಬರಿಗೂ 1986ರ ನೊಬೆಲ್ ಬಂತು. ಆ ಪ್ರೋಟೀನಿಗೆ ಅವರು ಇಟ್ಟ ಹೆಸರಿನಲ್ಲಿದ್ದದ್ದು 'ಬೆಳವಣಿಗೆ'. ಉಳಿವಿನ ಅರ್ಥ ಹೊತ್ತು ಬಂದದ್ದು ನಮ್ಮ ಎರಡನೆಯ ಗ್ರೀಕ್ ಮಾತು 'ಟ್ರೋಫೆ', ಅಂದರೆ ಪೋಷಣೆ. ಅದರ ಧಾತು 'ಟ್ರೆಫೀನ್' ಹೋಮರನಲ್ಲಿ ಹಾಲು ಹೆಪ್ಪುಗಟ್ಟಿಸುವುದಕ್ಕೂ ಸಲ್ಲುತ್ತದೆ: ತೆಳುವಾದದ್ದನ್ನು ಗಟ್ಟಿಗೊಳಿಸುವುದು, ಹಾಗೇ ಸಾಕುವುದು. 'ನರಪೋಷಕ' ಎಂಬ ನಮ್ಮ ರೂಪ ಸಾಧುವೇ, ಆದರೆ ಈ ಹೆಪ್ಪಿನ ರುಚಿ ಅದಕ್ಕಿಲ್ಲ.

'ಟ್ರೋಫಿಕ್' ಇರಬೇಕಾದಲ್ಲಿ 'ಟ್ರೋಪಿಕ್' ಎಂದು ಬರೆಯುವವರು ಪಂಡಿತರಲ್ಲೂ ಉಂಟು. ಅದು 'ಟ್ರೋಪೋಸ್', ತಿರುಗುವುದು, ಬೇರೆಯೇ ಮನೆತನ. ತಮಾಷೆಯೆಂದರೆ, ಬೆಳೆಯುವ ಎಳೆಗಳ ತುದಿ ಇದೇ ಪ್ರೋಟೀನು ಬರುವ ದಿಕ್ಕಿಗೆ ತಿರುಗುವುದೂ ನಿಜ. ಪಕಾರದ ಹೊಟ್ಟೆ ಸೀಳಲು ಮರೆತವನನ್ನು ಪೂರ್ತಿ ಬಯ್ಯುವಂತಿಲ್ಲ.