ಹಿಟ್ಟಿನ ಕೋಳಿಯೂ ಮೈಸೂರಿನ ಹುಲಿಯೂ

ಬೇಟೆಯಾಡಿದ ಪ್ರಾಣಿಯ ಚರ್ಮ, ಕೊಂಬು, ತಲೆಬುರುಡೆಗಳನ್ನು ಸಂಗ್ರಹಿಸಿ ಮನೆಯ ಗೋಡೆಗೆ ತೂಗುಹಾಕುವ ಹವ್ಯಾಸ ರಾಜಮಹಾರಾಜರ ಕಾಲದಲ್ಲಿ ಗೌರವದ ಗುರುತಾಗಿತ್ತು. ಇದು ಒಂದು ದೊಡ್ಡ ಉದ್ಯಮವಾಗಿ ಬೆಳೆದದ್ದು ನಮ್ಮ ಮೈಸೂರಿನಲ್ಲಿ ಎಂಬುದು ಅನೇಕರಿಗೆ ತಿಳಿಯದು. 1900ರ ಸುಮಾರಿಗೆ ಯೂಜೀನ್ ವಾನ್ ಇಂಗೆನ್ ಎಂಬಾತ ಅಲ್ಲಿ ಸ್ಥಾಪಿಸಿದ 'ವಾನ್ ಇಂಗೆನ್ ಅಂಡ್ ವಾನ್ ಇಂಗೆನ್' ಸಂಸ್ಥೆಯನ್ನು ಆತನ ಮಕ್ಕಳು ಮುಂದುವರಿಸಿದರು. ಸತ್ತ ಪ್ರಾಣಿಗೆ ಜೀವಂತ ರೂಪ ಕೊಡುವ ಟ್ಯಾಕ್ಸಿಡರ್ಮಿ ಕಲೆಯಲ್ಲಿ ಅದರ ಹೆಸರು ಜಗತ್ತಿನಾದ್ಯಂತ ಹಬ್ಬಿತ್ತು. 1999ರಲ್ಲಿ ಅದು ಬಾಗಿಲು ಮುಚ್ಚಿತು. ಅದರ ಇತಿಹಾಸವನ್ನು ಬರೆದ ಬ್ರಿಟಿಷ್ ವಿದ್ವಾಂಸ ಪ್ಯಾಟ್ ಮಾರಿಸ್ ಅವರ ಲೆಕ್ಕದಂತೆ, ಅಲ್ಲಿ ಹದಗೊಂಡ ಹುಲಿ ಮತ್ತು ಚಿರತೆಗಳ ಸಂಖ್ಯೆ 43,000ಕ್ಕೂ ಹೆಚ್ಚು.

ಆ ಕೆಲಸದ ಕ್ರಮ ಹೀಗಿತ್ತು. ಬೇಟೆಗಾರನು ಕಳುಹಿಸಿದ ಚರ್ಮವನ್ನು ಶುದ್ಧಗೊಳಿಸಿ ಹದಮಾಡುತ್ತಿದ್ದರು. ಪ್ರಾಣಿಯ ಮೈಯಳತೆಗೆ ಹೊಂದುವ ಅಚ್ಚಿನಲ್ಲಿ ಕಾಗದದ ರದ್ದಿನಿಂದ ಟೊಳ್ಳು ದೇಹವನ್ನು ಮಾಡಿ, ಅದರ ಮೇಲೆ ಚರ್ಮವನ್ನು ಹೊದಿಸಿ ಹೊಲಿಯುತ್ತಿದ್ದರು. ಗಾಜಿನ ಕಣ್ಣುಗಳನ್ನು ಕೂರಿಸಿ, ತುಟಿಗಳನ್ನು ಮಡಿಸಿ, ಹಲ್ಲು ಕಾಣುವಂತೆ ಬಾಯಿ ತೆರೆದಿಡುತ್ತಿದ್ದರು. ಮೈಸೂರಿನ ಹುಲಿಯ ಘರ್ಜಿಸುವ ಮುಖ ಎಷ್ಟು ಸಹಜವಾಗಿತ್ತೆಂದರೆ, ನೋಡಿದವರಿಗೆ ಭಯವಾಗುತ್ತಿತ್ತೇ ಹೊರತು ಅದರ ಸಾವು ನೆನಪಿಗೆ ಬರುತ್ತಿರಲಿಲ್ಲ. ಗುಂಡು ಹೊಕ್ಕ ರಂಧ್ರ ಹೊಲಿಗೆಯಲ್ಲಿ ಮರೆಯಾಗಿರುತ್ತಿತ್ತು. ಕಲೆಯ ಯಶಸ್ಸು ಇರುವುದೇ ಇಲ್ಲಿ. ನೀತಿಯ ಪ್ರಶ್ನೆ ಹುಟ್ಟುವುದೂ ಇಲ್ಲಿಯೇ.

ಜೈನಾಚಾರ್ಯರು ಹಿಂಸೆಯನ್ನು ವಿವೇಚಿಸುವಾಗ ಕೊಂದವನ ಕೈಯನ್ನು ಮಾತ್ರ ನೋಡಲಿಲ್ಲ. ಉಮಾಸ್ವಾತಿ ಆಚಾರ್ಯರ ತತ್ತ್ವಾರ್ಥಸೂತ್ರವು ಸಂರಂಭ, ಸಮಾರಂಭ, ಆರಂಭ ಎಂಬ ಮೂರು ಹಂತಗಳನ್ನೂ, ಮನ, ವಚನ, ಕಾಯ ಎಂಬ ಮೂರು ಯೋಗಗಳನ್ನೂ, ಕೃತ, ಕಾರಿತ, ಅನುಮತ ಎಂಬ ಮೂರು ಬಗೆಗಳನ್ನೂ, ನಾಲ್ಕು ಕಷಾಯಗಳನ್ನೂ ಗುಣಿಸಿ 108 ಭೇದಗಳನ್ನು ತೋರಿಸುತ್ತದೆ. ಈ ಅಳತೆಗೋಲಿನಿಂದ ನೋಡಿದರೆ ಗುಂಡು ಹೊಡೆದವನದು ಕೃತ. ತನ್ನ ದಿವಾನಖಾನೆಗೆ ಹುಲಿಯೊಂದು ಬೇಕೆಂದು ಬೇಟೆ ಮಾಡಿಸಿದವನದು ಕಾರಿತ. ಅತಿಥಿಯಾಗಿ ಬಂದು ಅದರ ಮುಂದೆ ನಿಂತು ಬೇಟೆಗಾರನ ಶೌರ್ಯವನ್ನು ಮೆಚ್ಚಿ ತಲೆದೂಗಿದವನದು ಅನುಮತ. ಹೀಗೆ 43,000 ಎಂಬ ಸಂಖ್ಯೆ ಬರಿಯ ಬೇಟೆಗಾರರ ಲೆಕ್ಕವಾಗಿ ಉಳಿಯುವುದಿಲ್ಲ. ಮೆಚ್ಚುವವರು ಇಲ್ಲದಿದ್ದರೆ ಮೆರೆಸುವವರೂ ಇರುತ್ತಿರಲಿಲ್ಲ. ಸಪ್ತವ್ಯಸನಗಳಲ್ಲಿ ಬೇಟೆಯನ್ನು ಸೇರಿಸಿದ ಪೂರ್ವಸೂರಿಗಳು ಅದನ್ನು ವ್ಯಸನವೆಂದು ಕರೆದದ್ದು ಸಾರ್ಥಕವಾಗಿದೆ. ಒಂದು ಹುಲಿಗೆ ತೃಪ್ತಿಪಡದ ಮನಸ್ಸು ಎರಡನೆಯದನ್ನು ಬಯಸುತ್ತದೆ, ಸಂಗ್ರಹವು ಪರಿಗ್ರಹವಾಗುತ್ತದೆ.

ಪ್ರಾಣವಿಲ್ಲದ ಗೊಂಬೆಯಲ್ಲಿ ಹಿಂಸೆ ಎಲ್ಲಿಂದ ಬಂತು ಎಂದು ಕೇಳುವವರಿಗೆ ಯಶೋಧರನ ಕಥೆ ಉತ್ತರ ಹೇಳುತ್ತದೆ. ಈ ಕಥೆಗೂ ಕಲಬುರಗಿಯ ನೆಲಕ್ಕೂ ಹತ್ತಿರದ ನಂಟು. ಇಜೇರಿ, ಜೇವರ್ಗಿ, ಆಳಂದ, ಅಫಜಲಪುರಗಳ ಶ್ರಾವಕರಿಗೆ ಪರಿಚಿತವಾದ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಹತ್ತನೆಯ ಶತಮಾನದಲ್ಲಿ ಅಲ್ಲಿ ನೆಲೆಸಿದ್ದ ಮಹಾಕವಿ ಪುಷ್ಪದಂತನು ಅಪಭ್ರಂಶ ಭಾಷೆಯಲ್ಲಿ 'ಜಸಹರಚರಿಉ' ರಚಿಸಿದನು. ಸೋಮದೇವಸೂರಿಯು ಸಂಸ್ಕೃತದಲ್ಲಿ 'ಯಶಸ್ತಿಲಕ'ವನ್ನು ಮುಗಿಸಿದ್ದು 959ರಲ್ಲಿ. 1209ರಲ್ಲಿ ಜನ್ನನು ಅದೇ ಕಥೆಯನ್ನು ಕನ್ನಡಕ್ಕೆ ತಂದನು.

ಕಥೆಯ ತಿರುಳು ಇಷ್ಟು. ಕೆಟ್ಟ ಕನಸಿನ ಶಾಂತಿಗೆ ದೇವಿಗೆ ಬಲಿ ಕೊಡಬೇಕೆಂದು ತಾಯಿ ಚಂದ್ರಮತಿ ಹಠ ಹಿಡಿಯುತ್ತಾಳೆ. ಜೀವವಧೆಗೆ ಒಪ್ಪದ ಯಶೋಧರ ಕೊನೆಗೆ ಹಿಟ್ಟಿನ ಕೋಳಿಯನ್ನು ಕಡಿಯಲು ಒಪ್ಪುತ್ತಾನೆ. ಆ ಕೃತಕ ಕೋಳಿಯ ಚೆಲುವು ನಿಜವಾದ ಕೋಳಿಯನ್ನೇ ಹೋಲುತ್ತಿತ್ತು. ಕತ್ತಿ ಬಿದ್ದದ್ದು ಹಿಟ್ಟಿನ ಮೇಲೆ. ಆದರೆ ಕೊಲ್ಲುವ ಸಂಕಲ್ಪ ನಿಜವಾಗಿತ್ತು. ಅದರ ಫಲವಾಗಿ ತಾಯಿ ಮಗ ಇಬ್ಬರೂ ನವಿಲು, ನಾಯಿ, ಮೀನು, ಆಡು, ಕೋಳಿ ಮೊದಲಾದ ಜನ್ಮಗಳಲ್ಲಿ ತೊಳಲಬೇಕಾಯಿತು. ಹಿಟ್ಟಿನ ಕೋಳಿಯಲ್ಲಿ ರೂಪ ಮಾತ್ರವಿತ್ತು, ರಕ್ತವಿರಲಿಲ್ಲ. ಮೈಸೂರಿನ ಹುಲಿಯಲ್ಲಿ ಒಳಗಿನ ದೇಹ ಕಾಗದದ್ದಾದರೂ ಹೊರಗಿನ ಚರ್ಮ ನಿಜವಾದ ಜೀವಿಯದು. ಸಂಕಲ್ಪಮಾತ್ರಕ್ಕೇ ಅಷ್ಟು ಫಲವೆಂದಾದರೆ, ಸಂಕಲ್ಪವೂ ವಧೆಯೂ ಕೂಡಿದ ವಸ್ತುವನ್ನು ಅಲಂಕಾರವೆನ್ನಲು ಶ್ರಾವಕನ ನಾಲಗೆ ಹೇಗೆ ಏಳುವುದು?

ಕಾಲಚಕ್ರ ತಿರುಗಿದ್ದೂ ಮೈಸೂರಿನಲ್ಲಿಯೇ. ಕೇಂದ್ರ ವನ್ಯಜೀವಿ ಮಂಡಳಿಯ ಮೊದಲ ಸಭೆ 1952ರಲ್ಲಿ ಜಯಚಾಮರಾಜ ಒಡೆಯರ ಅಧ್ಯಕ್ಷತೆಯಲ್ಲಿ ಆ ನಗರದಲ್ಲಿ ಸೇರಿತು. 1972ರ ಗಣತಿಯಲ್ಲಿ ದೇಶದಲ್ಲಿ ಉಳಿದಿದ್ದ ಹುಲಿಗಳು ಕೇವಲ 1,827. ಅದೇ ವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿತು. 1973ರಲ್ಲಿ ಆರಂಭವಾದ ಹುಲಿ ಯೋಜನೆಯ ಮೊದಲ ಒಂಬತ್ತು ತಾಣಗಳಲ್ಲಿ ಬಂಡೀಪುರವೂ ಒಂದಾಯಿತು. 2022ರ ಗಣತಿಯ ಅಂದಾಜಿನಂತೆ ದೇಶದಲ್ಲಿ 3,682 ಹುಲಿಗಳಿವೆ. ಅವುಗಳಲ್ಲಿ 563 ಕರ್ನಾಟಕದವು. ಒಂದೇ ಕಾರ್ಖಾನೆಯ ಲೆಕ್ಕದ ಪಕ್ಕದಲ್ಲಿ ಈ ಅಂಕಿಗಳನ್ನಿಟ್ಟರೆ ಕಳೆದುಹೋದದ್ದು ಎಷ್ಟೆಂದು ತಿಳಿಯುತ್ತದೆ.

ಹಳೆಯ ಮನೆತನಗಳಲ್ಲಿ ಅಜ್ಜನ ಕಾಲದ ಚರ್ಮವೋ ಉಗುರಿನ ಪದಕವೋ ಉಳಿದಿದ್ದರೆ ಏನು ಮಾಡಬೇಕು? ಕಾಯ್ದೆಯ ಪ್ರಕಾರ ಹುಲಿ, ಚಿರತೆಯಂಥ ಪ್ರಾಣಿಗಳ ಅವಶೇಷಕ್ಕೆ ಒಡೆತನದ ಪ್ರಮಾಣಪತ್ರ ಬೇಕು. ಘೋಷಿಸದೆ ಉಳಿದವರಿಗೆ 2003ರ ನಿಯಮಗಳು 180 ದಿನಗಳ ಅವಕಾಶ ಕೊಟ್ಟಿದ್ದವು. ಪ್ರಮಾಣಪತ್ರವಿದ್ದರೂ ಅದನ್ನು ಮಾರುವಂತಿಲ್ಲ, ದಾನವಾಗಿ ಕೊಡುವಂತಿಲ್ಲ. ಉತ್ತರಾಧಿಕಾರದಿಂದ ಬಂದರೆ 90 ದಿನಗಳೊಳಗೆ ಘೋಷಿಸಬೇಕು. ಆದ್ದರಿಂದ ಮನೆಯಲ್ಲಿ ಬೇಡವಾದ ಹುಲಿಚರ್ಮವನ್ನು ಬಸದಿಗೋ ಮಠಕ್ಕೋ ಒಪ್ಪಿಸುವುದು ಪರಿಹಾರವಲ್ಲ. ಟ್ರಸ್ಟುಗಳು ಅದನ್ನು ಸ್ವೀಕರಿಸಲೂಬಾರದು. 2022ರ ತಿದ್ದುಪಡಿಯು ಇಂಥ ವಸ್ತುವನ್ನು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಸ್ವಇಚ್ಛೆಯಿಂದ ಒಪ್ಪಿಸುವ ದಾರಿ ತೋರಿದೆ. ಅದಕ್ಕೆ ಪರಿಹಾರಧನವಿಲ್ಲ. ಧನವಿಲ್ಲದೆ ಬಿಟ್ಟುಕೊಡುವುದಕ್ಕೆ ಜೈನರಲ್ಲಿ ತ್ಯಾಗವೆಂಬ ಹೆಸರಿದೆ.

ಹಾಗಾದರೆ ದಿಗಂಬರ ಮುನಿಗಳ ಕೈಯ ನವಿಲುಗರಿಯ ಪಿಂಛಿಯೂ ಪ್ರಾಣಿಯ ಅವಶೇಷವಲ್ಲವೇ ಎಂಬ ಆಕ್ಷೇಪ ಬರಬಹುದು. ನವಿಲು ವರ್ಷಕ್ಕೊಮ್ಮೆ ತಾನಾಗಿ ಉದುರಿಸುವ ಗರಿ ಅದು. ಕಾಯ್ದೆಯೂ ನವಿಲಿನ ಬಾಲದ ಗರಿಗೆ ವಿನಾಯಿತಿ ಕೊಟ್ಟಿದೆ. ಗರಿ ಉದುರಿದ ನವಿಲು ಬದುಕಿರುತ್ತದೆ. ಚರ್ಮ ಕೊಟ್ಟ ಹುಲಿ ಬದುಕಿರುವುದಿಲ್ಲ. ಪಿಂಛಿ ಇರುವುದು ಕುಳಿತುಕೊಳ್ಳುವ ನೆಲದಲ್ಲಿ ಇರುವೆಯೂ ನೋಯದಿರಲೆಂದು. ಹುಲಿಯ ತಲೆ ಗೋಡೆಯಲ್ಲಿರುವುದು ಒಡೆಯನ ಅಹಂಕಾರಕ್ಕೆಂದು. ಅದೇ ಸಮಯದಲ್ಲಿ, ಕಿತ್ತ ಗರಿ ಪಿಂಛಿಗೆ ಸೇರದಂತೆ ಎಚ್ಚರ ವಹಿಸುವುದು ಅದನ್ನು ಅರ್ಪಿಸುವ ಶ್ರಾವಕರ ಹೊಣೆ. ಅಭಿಷೇಕ, ಪೂಜೆಗಳಲ್ಲಿ ಬೀಸುವ ಚಾಮರದ ಕೂದಲು ಎಲ್ಲಿಂದ ಬಂತೆಂದು ಟ್ರಸ್ಟಿನವರು ವಿಚಾರಿಸುವುದೂ ಇದೇ ಧರ್ಮಕ್ಕೆ ಸೇರಿದ್ದು.

ಅಸ್ಸಾಂ ಸರ್ಕಾರವು 2021ರಲ್ಲಿ ಸುಮಾರು 2,500 ಘೇಂಡಾಮೃಗದ ಕೊಂಬುಗಳನ್ನು ಬಹಿರಂಗವಾಗಿ ಸುಟ್ಟು, ಅವುಗಳಿಗೆ ಬೆಲೆಯಿಲ್ಲವೆಂದು ಸಾರಿತು. ಜೀವಿಯ ಮೈಮೇಲಿರುವಾಗ ಮಾತ್ರ ಕೊಂಬಿಗೆ ಬೆಲೆ ಎಂಬ ತತ್ತ್ವವನ್ನು ಆಡಳಿತವೇ ಒಪ್ಪಿದ ಗಳಿಗೆ ಅದು. ಮಾನ್ಯಖೇಟದ ಕವಿ ಸಾವಿರ ವರ್ಷಗಳ ಹಿಂದೆ ಕಥೆಯಾಗಿ ಹೇಳಿದ್ದನ್ನು ಗೋಡೆಯ ಮೇಲಿನ ಗಾಜಿನ ಕಣ್ಣುಗಳು ಇಂದಿಗೂ ಕೇಳುತ್ತಿವೆ. ಅವುಗಳನ್ನು ಕೆಳಗಿಳಿಸುವುದು ಒಂದು ದಿನದ ಕೆಲಸ. ಮೆಚ್ಚುವ ಮನಸ್ಸನ್ನು ತಿದ್ದಿಕೊಳ್ಳುವುದು ಅಣುವ್ರತಿಯ ನಿತ್ಯದ ಸಾಧನೆ.